ಟೈಲ್ಸ್ ಕೆಳಗ ಏನೈತಿ?

ಬ್ಲಾಗ್ ಕಡೆ ತಲೆ ಹಾಕದೆ ಮೂರು ತಿಂಗಳ ಮೇಲಾಯ್ತು. "ಏನ್ರೀ, ಬರೆಯೋದು ಬಿಟ್ರಾ?" ಅಂತ ಇಬ್ಬರು ಗೆಳೆಯರು ಮೇಲ್ ಮಾಡಿ ವಿಚಾರಿಸಿದರು. ಬಿಟ್ಟಿಲ್ಲ ಮಾರಾಯ್ರೆ, ಊರಿಗೆ ಹೋಗಿದ್ದೆ. ಈ ಸಲ ಕತೆ, ಕವಿತೆ, ಸಿನಿಮಾ ವಿಮರ್ಶೆ ಏನೂ ಇಲ್ಲ. ಟೈಲ್ಸ್ ವಿಷಯ. ನಗಬೇಡಿ. ಹೋದ ತಿಂಗಳಿಂದ ನನ್ನ ತಲೆಯಲ್ಲಿ ಬೇರೆ ಏನೂ ಇಲ್ಲ, ಇದನ್ನೊಮ್ಮೆ ಬರೆದು ಕೈ ತೊಳಕೊಂಡರೆ ಮುಂದಿನದು ಹೊಳೆದೀತು.

ಶುರುವಾಗಿದ್ದು ಬನಹಟ್ಟಿಯಲ್ಲಿರುವ ನನ್ನ ಅಕ್ಕನ ಫೋನಿನಿಂದ. ಅವರ ಮನೆಯಲ್ಲಿ ಎರಡು ಪವರ್‌ಲೂಮ್ ಇದ್ದವು. ಮಾಮಾನಿಗೆ ವಯಸ್ಸಾಯ್ತು, ಮಗ ಪುಣೆಯಲ್ಲಿ ನೌಕರಿ ಹಿಡಿದ, ನೇಯುವವರು ಸಿಗಲ್ಲ. ಮಗ್ಗ ಮಾರಿದರು. ಮಗ್ಗದ ಖೋಲಿ ಖಾಲಿಯಾಯ್ತು. ಬಂದ ದುಡ್ಡಿನಲ್ಲಿ ಅದನ್ನೇ ಚಂದ ಮಾಡಿ ಪಡಸಾಲೆ ಮಾಡಬೇಕು, ಸೊಸೆ ಬರೋದರೊಳಗೆ ಟೈಲ್ಸ್ ಹಾಕಿಸಬೇಕು ಅಂತ ಅಕ್ಕನ ಆಸೆ.

"ತಮ್ಮಾ, 2×2 ಹಾಕಸ್ಲೋ, 2×4 ಹಾಕಸ್ಲೋ? ಅಂಗಡಿಯಾಂವ 2×4 ಭಾಳ ರಿಚ್ ಕಾಣ್ತೈತಿ ಅಂತಾನ."

"ಅಕ್ಕಾ, ಅದು ಆಮ್ಯಾಲಿಂದ್ ಮಾತು. ಕೆಳಗ ಏನ್ ಹಾಕಸ್ತಿ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಕೆಳಗ ಏನ್ ಹಾಕ್ತಾರ? ನೆಲಾ ಐತಲ್ಲ!" ಅಂದಳು.

ಇದೇ ನೋಡಿ ನನ್ನ ತಕರಾರು. ಮೊರ್ಬಿಯಿಂದ ಬಂದ ಟೈಲ್ಸಿನ ಬಣ್ಣ, ಹೊಳಪು, ಬಾರ್ಡರು ನೋಡೋಕೆ ಗಂಡ ಹೆಂಡತಿ ಮಕ್ಕಳು ಎಲ್ಲ ಕೂಡಿ ಮೂರು ಅಂಗಡಿ ತಿರುಗುತ್ತೇವೆ. ಅದರ ಕೆಳಗೆ ಏನು ಬೀಳುತ್ತೆ ಅಂತ ನೋಡೋಕೆ ಮನೆಯ ಒಬ್ಬನೇ ಒಬ್ಬ ಮನುಷ್ಯ ಅರ್ಧ ತಾಸು ನಿಲ್ಲೋದಿಲ್ಲ. ಬೇರೆ ಊರಲ್ಲಾದರೆ ಇದು ನಡೆದೀತು. ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಇದು ನಡೆಯೋದಿಲ್ಲ ಅಂತ ನಾನು ಹೇಳ್ತಿರೋದು ಓದಿ ತಿಳಿದದ್ದಲ್ಲ, ಅನುಭವಿಸಿ ತಿಳಿದದ್ದು.

ಜಮಖಂಡಿಯಲ್ಲಿ ನಮ್ಮ ಅಪ್ಪ ಮನೆ ಕಟ್ಟಿಸಿದ್ದು 2011ರಲ್ಲಿ. ಮಾಸ್ತರಿಕೆ ಮಾಡಿ ನಿವೃತ್ತರಾಗಿ ಬಂದ ಪಿ.ಎಫ್. ದುಡ್ಡು ಅದು. ಊರ ಹೊರಗಿನ ಪ್ಲಾಟು, ಅಪ್ಪಟ ಎರಿ ನೆಲ. ಪಾಯಕ್ಕೇನೂ ಅಪ್ಪ ಕಡಿಮೆ ಮಾಡಲಿಲ್ಲ. ಐದಾರು ಅಡಿ ತೋಡಿಸಿ ಕೆಳಗಿನ ಗಟ್ಟಿ ಗರಸು ಮುಟ್ಟಿಸಿಯೇ ಕಲ್ಲು ಕಟ್ಟಿಸಿದರು. ಆ ಗೋಡೆಗಳಲ್ಲಿ ಇವತ್ತಿಗೂ ಒಂದು ಕೂದಲೆಳೆಯಷ್ಟು ಬಿರುಕಿಲ್ಲ. ತಪ್ಪಾಗಿದ್ದು ಎಲ್ಲಿ ಅಂದರೆ, ಪಾಯ ತೋಡಿದಾಗ ಬಂದ ಎರಿ ಮಣ್ಣು ಪ್ಲಾಟಿನಲ್ಲೇ ಗುಡ್ಡೆಯಾಗಿ ಬಿದ್ದಿತ್ತಲ್ಲ, ಕಟ್ಟೆಯೊಳಗೆ ತುಂಬೋಕೆ ಅದನ್ನೇ ಬಳಸಿದರು. ಗೌಂಡಿ ಹೇಳಿದ್ದು ನನಗೆ ನೆನಪಿದೆ: "ಮಣ್ಣ ಮಣ್ಣs ಅಲ್ಲೇನ್ರಿ ಸರ್? ಇದನ್ನ ಹೊರಗ ಒಗ್ಯಾಕ ಒಂದ್ ಟ್ರ್ಯಾಕ್ಟರ್ ಬಾಡಗಿ, ಗರಸ ತರಾಕ ಇನ್ನೊಂದ್ ಬಾಡಗಿ. ಯಾಕ ಸುಮ್ಮ ರೊಕ್ಕ ಹಾಳ ಮಾಡ್ತೀರಿ?"

ಅಪ್ಪ ಒಂದೊಂದು ರೂಪಾಯಿ ಬರೆದಿಡುವ ಮನುಷ್ಯ. ಮಾತು ಹಿಡಿಸಿತು. ನಾನು ಬೆಂಗಳೂರಲ್ಲಿ ಕೂತು ಟೈಲ್ಸಿನ ಬಣ್ಣ ಆರಿಸ್ತಾ ಇದ್ದೆ. ಕೆನೆ ಬಣ್ಣದ ವಿಟ್ರಿಫೈಡ್, ಮುಖ ಕಾಣುವಂಥದ್ದು. ಆದ್ದರಿಂದ ಗೌಂಡಿಗೆ ಬೈಯೋ ಹಕ್ಕು ನನಗೂ ಅಷ್ಟಾಗಿ ಇಲ್ಲ ಬಿಡಿ.

ಎರಡು ಮಳೆಗಾಲ ಏನೂ ಆಗಲಿಲ್ಲ. ಮೂರನೆಯದಕ್ಕೆ ಪಡಸಾಲೆಯ ನಟ್ಟನಡುವೆ ನೆಲ ಮೆಲ್ಲಗೆ ಏಳೋಕೆ ಶುರುವಾಯ್ತು. ಗೋಲಿ ಬಿಟ್ಟರೆ ನಡುವಿನಿಂದ ಗೋಡೆ ಕಡೆ ತಾನಾಗಿ ಉರುಳುತ್ತಿತ್ತು, ಅಕ್ಕನ ಮಗನಿಗೆ ಅದೇ ಆಟ. ಆಮೇಲೆ ಅಡಿಗೆಮನೆ ಬಾಗಿಲು ಒಳಗೆ ತೆಗೆಯುವಾಗ ನೆಲಕ್ಕೆ ತಿಕ್ಕತೊಡಗಿತು, ಬಡಿಗೇರರು ಬಂದು ಬಾಗಿಲಿನ ಅಡಿ ಕೊರೆದು ಹೋದರು. ಒಂದು ಬೇಸಿಗೆಯ ರಾತ್ರಿ ಪಟಾಕಿ ಹೊಡೆದ ಹಾಗೆ ಸದ್ದಾಯ್ತಂತೆ, ಅವ್ವ ಕಳ್ಳರು ಬಂದರು ಅಂತ ಎದ್ದು ಲೈಟ್ ಹಾಕಿದರೆ ಎರಡು ಟೈಲ್ಸು ಒಂದಕ್ಕೊಂದು ತಲೆ ಹಚ್ಚಿ ಗುಡಿಸಲಿನ ಹಾಗೆ ನಿಂತಿವೆ. ಅವ್ವ ಅದರ ಮೇಲೆ ಒಂದು ಕಾಲೊರಸು ಹಾಕಿ ಮುಚ್ಚಿದಳು. ನನಗೆ ಹೇಳಲಿಲ್ಲ. 2016ರಲ್ಲಿ ಅದೇ ಜಾಗದಲ್ಲಿ ಎಡವಿ ಬಿದ್ದು ಬಲಗೈ ಮಣಿಕಟ್ಟು ಮುರಿದ ಮೇಲೆಯೇ ನನಗೆ ಗೊತ್ತಾಗಿದ್ದು. ಆಗಲೂ ಅವಳು ಹೇಳಿದ್ದು "ನಾನs ನೋಡ್ಕೊಂಡ್ ನಡೀಲಿಲ್ಲ" ಅಂತ. ಈಗಲೂ ಆ ಕೈಯಲ್ಲಿ ರೊಟ್ಟಿ ಬಡಿಯೋಕಾಗಲ್ಲ.

ಅಲ್ಲಿಂದ ಈ ವಿಷಯ ನನ್ನ ಬೆನ್ನು ಹತ್ತಿದೆ. ನಾನು ಸಿವಿಲ್ ಎಂಜಿನಿಯರ್ ಅಲ್ಲ, ಕಂಪ್ಯೂಟರ್ ಮುಂದೆ ಕೂರೋನು. ಆದರೂ ಓದಿದೆ, ಕೇಳಿದೆ, ನಾಲ್ಕು ಊರಿನ ಗೌಂಡಿಗಳ ತಲೆ ತಿಂದೆ. ಗೊತ್ತಾದಷ್ಟು ಹೇಳ್ತೀನಿ.

ಎರಿ ಮಣ್ಣಿನ ಗುಣ ನಮ್ಮ ಕಡೆ ರೈತನ ಮಗುವಿಗೂ ಗೊತ್ತು. ಏಪ್ರಿಲ್-ಮೇನಲ್ಲಿ ಹೊಲದ ಬಿರುಕಿನಲ್ಲಿ ಕಾಲು ಇಳಿಯುತ್ತೆ, ಶ್ರಾವಣದಲ್ಲಿ ಅದೇ ಹೊಲ ಉಬ್ಬಿ ಚಪ್ಪಲಿಗೆ ಮೆತ್ತಿಕೊಳ್ಳುತ್ತೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿಯ ಪದರಗಳ ನಡುವೆ ನೀರು ಹೊಕ್ಕರೆ ಪದರ ದೂರ ಸರಿಯುತ್ತವೆ, ನೀರು ಹೋದರೆ ಹತ್ತಿರ ಬರುತ್ತವೆ. ಹಿಂಗಾರಿ ಜೋಳಕ್ಕೆ ಇದೇ ವರ, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಪಸೆ ಹಿಡಿದಿಟ್ಟುಕೊಳ್ಳುತ್ತೆ. ಅದೇ ಗುಣ ಮನೆಯೊಳಗೆ ಬಂದರೆ ಶಾಪ.

ಲೆಕ್ಕ ನೋಡಿ. ಒಂದು ಚದರ ಮೀಟರ್ ನೆಲದಲ್ಲಿ ನಾಲ್ಕಿಂಚು ಕಾಂಕ್ರೀಟು, ಅದರ ಮೇಲಿನ ಗಾರೆ, ಟೈಲ್ಸು ಎಲ್ಲ ಸೇರಿದರೆ ಮೂರರಿಂದ ನಾಲ್ಕು ಕ್ವಿಂಟಲ್ ತೂಕ. ಒಣಗಿದ ಒಳ್ಳೆಯ ಎರಿ ಮಣ್ಣು ನೀರು ಕುಡಿದು ಉಬ್ಬುವಾಗ ಅಷ್ಟೇ ಜಾಗದಲ್ಲಿ ಮೇಲಕ್ಕೆ ಒತ್ತುವ ಬಲ ಹತ್ತು ಟನ್ ದಾಟಬಲ್ಲದು. ಗೋಡೆಯ ಮೇಲೆ ಛತ್ತಿನ ಭಾರ ಇದೆ, ಪಾಯ ಗಟ್ಟಿ ಗರಸಿನ ಮೇಲೆ ಕೂತಿದೆ, ಅದು ಅಲುಗೋದಿಲ್ಲ. ನೆಲ ಹಗುರ, ಅದು ಏಳುತ್ತೆ. ಅದಕ್ಕೇ ನಮ್ಮ ಮನೆಯಲ್ಲಿ ಗೋಡೆ ಗಟ್ಟಿಯಾಗಿದ್ದೂ ನೆಲ ಗುಮ್ಮಟವಾಯ್ತು. ಗೋಲಗುಮ್ಮಟ ನೋಡೋಕೆ ವಿಜಾಪುರಕ್ಕೆ ಯಾಕೆ ಹೋಗಬೇಕು, ನಮ್ಮ ಪಡಸಾಲೆಗೆ ಬನ್ನಿ ಅಂತ ಮಾಮಾ ನಗುತ್ತಿದ್ದ :-)

ನೀರು ಒಳಗೆ ಎಲ್ಲಿಂದ ಬರುತ್ತೆ, ಮೇಲೆ ಛತ್ತು ಇದೆಯಲ್ಲ ಅಂತ ನಾನೂ ಕೇಳಿದ್ದೆ. ಪಕ್ಕದಿಂದ ಬರುತ್ತೆ. ನಮ್ಮ ಹಿತ್ತಲ ಗೋಡೆಯಾಚೆ ಕಬ್ಬಿನ ಹೊಲ, ವರ್ಷವಿಡೀ ನೀರು. ಬಚ್ಚಲಿನ ನೀರು ಬೇರೆ ಗೋಡೆ ಬುಡದಲ್ಲೇ ಇಂಗುತ್ತಿತ್ತು. ಇನ್ನೊಂದು ವಿಚಾರ ನನಗೆ ಹೊಳೆಯೋಕೆ ತಡವಾಯ್ತು. ಬಯಲಿನ ನೆಲ ಬಿಸಿಲಿಗೆ ತನ್ನ ಪಸೆ ಹೊರಗೆ ಬಿಡುತ್ತಾ ಇರುತ್ತೆ. ಅದರ ಮೇಲೆ ಮನೆ ಕಟ್ಟಿ, ನೀರೇ ಹೀರದ ವಿಟ್ರಿಫೈಡ್ ಹಾಕಿ ಮುಚ್ಚಿದರೆ ಪಸೆಗೆ ಹೊರಹೋಗೋ ದಾರಿ ಇಲ್ಲ. ನಡುವೆ ಸೇರುತ್ತಾ ಹೋಗುತ್ತೆ. ಗೋಡೆ ಅಂಚಿನಲ್ಲಿ ಬೇಸಿಗೆಗೆ ಒಣಗುತ್ತೆ, ನಡುವೆ ಒಣಗೋದಿಲ್ಲ. ಆದ್ದರಿಂದಲೇ ಗುಮ್ಮಟ ಯಾವಾಗಲೂ ನಡುಮನೆಯಲ್ಲಿ.

ನಮ್ಮ ಹಿರಿಯರ ಮಣ್ಣಿನ ನೆಲ ನೆನಪು ಮಾಡಿಕೊಳ್ಳಿ. ಅಮ್ಮ (ಅವ್ವನ ಅವ್ವ) ಅಮಾವಾಸ್ಯೆ, ಹುಣ್ಣಿಮೆ, ವಾರದ ದಿನ ಅಂತ ಸೆಗಣಿ ಹಾಕಿ ಸಾರಿಸೋಳು. ನಮಗದು ಮಡಿ, ಸ್ವಚ್ಛತೆ. ಈಗ ಅನಿಸುತ್ತೆ, ಅದು ವಾರವಾರದ ರಿಪೇರಿಯೂ ಹೌದು. ನೆಲ ಬಿರಿದರೆ ಮೆತ್ತಿದಳು, ಉಬ್ಬಿದರೆ ಕೆತ್ತಿದಳು, ಮುಗೀತು. ಆಮೇಲೆ ಶಹಾಬಾದಿ ಫರ್ಸಿ ಬಂತು. ಬೆನ್ನು ಒರಟು, ಗಾರೆ ಹಿಡಿಯುತ್ತೆ. ಸಂದು ದೊಡ್ಡದು. ಒಂದು ಫರ್ಸಿ ಎದ್ದರೆ ಹಾರೆ ಹಾಕಿ ಎತ್ತಿ, ಕೆಳಗೆ ಒಂದು ಬುಟ್ಟಿ ತೆಗೆದು ಮತ್ತೆ ಕೂರಿಸಬಹುದು, ಅದೇ ಕಲ್ಲು, ಅದೇ ಜಾಗ. ಫರ್ಸಿ ನೆಲದ ಸಿಟ್ಟನ್ನು ಸಹಿಸಿಕೊಳ್ಳುತ್ತೆ. ವಿಟ್ರಿಫೈಡ್ ಸಹಿಸೋದಿಲ್ಲ. ಸಂದೇ ಬಿಡದೆ ಒಂದಕ್ಕೊಂದು ಒತ್ತಿ ಕೂರಿಸಿರ್ತಾರೆ, ಕೆಳಗಿಂದ ನೂಕಿದರೆ ಸರಿಯೋಕೆ ಜಾಗ ಇಲ್ಲ, ಸಿಡಿಯುತ್ತೆ. ಎತ್ತಿದರೆ ಒಡೆಯುತ್ತೆ. ಒಡೆದದ್ದಕ್ಕೆ ಜೋಡಿ ಹುಡುಕಿದರೆ "ಆ ಡಿಸೈನ್ ಬಂದ್ ಆಗೇತ್ರಿ" ಅಂತಾನೆ ಅಂಗಡಿಯವ.

ಹಾಗಂತ ಫರ್ಸಿಗೇ ವಾಪಸ್ ಹೋಗಿ ಅಂತ ನಾನು ಹಳೇಕಾಲದ ಹಾಡು ಹಾಡ್ತಿಲ್ಲ. ಅಕ್ಕನಿಗೆ ಟೈಲ್ಸ್ ಬೇಕು, ಹಾಕಿಸಲಿ. ಇಡೀ ಜೀವನ ಮಗ್ಗದ ಧೂಳಿನಲ್ಲಿ ಕಳೆದವಳು, ಹೊಳೆಯೋ ನೆಲ ಬೇಕು ಅಂದರೆ ಬೇಡ ಅನ್ನೋಕೆ ನಾನ್ಯಾರು? ಆದರೆ ಟೈಲ್ಸ್ ಅನ್ನೋದು ಕ್ಷಮೆ ಇಲ್ಲದ ನೆಲ. ಅದನ್ನು ಹಾಕುವವರು ಕೆಳಗಿನ ಕೆಲಸ ಮೊದಲು ಮಾಡಬೇಕು, ಅಷ್ಟೇ ನನ್ನ ವಾದ.

ಏನು ಕೆಲಸ? ನಮ್ಮ ಕಡೆಯ ಉತ್ತರ ಒಂದೇ ಶಬ್ದ: ಗರಸು. ಬೆಂಗಳೂರು ಕಡೆಯವರು ಮೊರಂ ಅಂತೀರಲ್ಲ, ಅದು. ಕಟ್ಟೆಯೊಳಗಿನ ಎರಿ ಮಣ್ಣನ್ನು ಎರಡು-ಮೂರು ಅಡಿಯಾದರೂ ತೆಗೆದು ಹೊರಗೆ ಹಾಕಿ, ಆ ಜಾಗಕ್ಕೆ ಗರಸು ತುಂಬಬೇಕು. ಒಂದೇ ಸಲ ಸುರಿದು ಮೇಲೆ ನೀರು ಬಿಟ್ಟರೆ ಆಗಲ್ಲ. ಅರ್ಧ ಅಡಿ ಹಾಕು, ನೀರು ಚಿಮುಕಿಸು, ದಿಮ್ಮಸು ಹೊಡಿ, ಮತ್ತೆ ಅರ್ಧ ಅಡಿ. ಅದರ ಮೇಲೆ ಕಲ್ಲು ಜೋಡಿಸಿ ನಾಲ್ಕಿಂಚು ಖಡಿ ಕಾಂಕ್ರೀಟು. ಆಮೇಲೆ ಟೈಲ್ಸಿನ ಮಾತು.

ಗರಸೇ ಯಾಕೆ, ಉಸುಕು ಯಾಕಲ್ಲ ಅಂತ ಬಹಳ ಜನ ಕೇಳ್ತಾರೆ. ಉಸುಕು ಉಬ್ಬೋದಿಲ್ಲ, ನಿಜ. ಆದರೆ ಉಸುಕಿನಲ್ಲಿ ನೀರು ನಿಲ್ಲುತ್ತೆ, ನಿಂತ ನೀರು ಕೆಳಗಿನ ಎರಿಗೆ ಇಳಿಯುತ್ತಲೇ ಇರುತ್ತೆ. ಎರಿ ಮಣ್ಣಿನ ಹೊಟ್ಟೆಗೆ ನಾವೇ ಹಂಡೆ ಇಟ್ಟ ಹಾಗೆ. ಇದರ ಬಗ್ಗೆ ಮುಂಬೈ ಐಐಟಿಯಲ್ಲಿ ಪ್ರೊಫೆಸರ್ ಆಗಿದ್ದ ಆರ್.ಕೆ. ಕಟ್ಟಿಯವರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಎರಿ ಮಣ್ಣು ಮೇಲಿನ ಸುಮಾರು ಒಂದು ಮೀಟರ್ ಆಳದಲ್ಲೇ ಹೆಚ್ಚು ಉಬ್ಬುತ್ತೆ, ಅದಕ್ಕಿಂತ ಕೆಳಗೆ ತನ್ನದೇ ಅಂಟಿನ ಬಲದಲ್ಲಿ ತಡೆದುಕೊಳ್ಳುತ್ತೆ ಅಂತ ಅವರು ಕಂಡುಕೊಂಡರು. ಆ ಮೇಲಿನ ಪದರದ ಕೆಲಸವನ್ನು ಅಂಟೂ ಇರುವ, ಉಬ್ಬುವ ಗುಣ ಇಲ್ಲದ ಬೇರೆ ಮಣ್ಣು ಮಾಡಬೇಕು. ಅದಕ್ಕೆ ಅವರು ಇಟ್ಟ ಹೆಸರಿನ ಮೊದಲಕ್ಷರಗಳು ಸಿ.ಎನ್.ಎಸ್. ಎರಿ ನೆಲದ ಕಾಲುವೆಗಳ ಲೈನಿಂಗ್ ಬಿರಿಯದಂತೆ ಮಾಡೋಕೆ ಇದನ್ನು ಬಳಸಿದರು, ನಮ್ಮ ಪಕ್ಕದ ಮಲಪ್ರಭಾ ಕಾಲುವೆಯಲ್ಲೂ. ಈಗ ಐ.ಎಸ್. 9451 ಅನ್ನೋ ಭಾರತೀಯ ಮಾನಕದಲ್ಲೇ ಅದು ಸೇರಿದೆ. ಕಾಲುವೆಯ ಕಾಂಕ್ರೀಟಿಗೆ ಇಷ್ಟು ಯೋಚನೆ ಮಾಡಿದ್ದಾರೆ, ನಮ್ಮ ಪಡಸಾಲೆಗೆ ಯಾಕೆ ಮಾಡಬಾರದು?

ಆದರೆ ಕೆಂಪಗೆ ಕಂಡದ್ದೆಲ್ಲ ಗರಸಲ್ಲ. ಟ್ರಾಲಿಯಲ್ಲಿ ಅರ್ಧ ಎರಿ ಮಣ್ಣು ಬೆರೆಸಿ ತರುವವರಿದ್ದಾರೆ. ಅದಕ್ಕೊಂದು ಸರಳ ಪರೀಕ್ಷೆ ಇದೆ, ಲ್ಯಾಬಿನಲ್ಲಿ ಮಾಡೋದೂ ಹೆಚ್ಚುಕಡಿಮೆ ಇದನ್ನೇ. ಒಣಗಿಸಿ ಪುಡಿ ಮಾಡಿ ಸಣ್ಣಗೆ ಜರಡಿ ಹಿಡಿದ ಮಣ್ಣು, ಹತ್ತತ್ತು ಗ್ರಾಂ ಎರಡು ಕಡೆ. ಒಂದನ್ನು ನೀರಿಗೆ, ಇನ್ನೊಂದನ್ನು ಸೀಮೆಎಣ್ಣೆಗೆ ಹಾಕಿ 24 ತಾಸು ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬೋದಿಲ್ಲ. ನೀರಿನಲ್ಲಿ ಅದಕ್ಕಿಂತ ಎಷ್ಟು ಹೆಚ್ಚು ಎತ್ತರಕ್ಕೆ ಬಂತೋ ಅದೇ ಉಬ್ಬು. ನೂರಕ್ಕೆ ಐವತ್ತರ ಒಳಗಿದ್ದರೆ ಚಿಂತೆ ಕಡಿಮೆ, ನೂರು ದಾಟಿದರೆ ಆ ಮಣ್ಣು ಮನೆಯೊಳಗೆ ಬೇಡ. ನಾನು ಅಳತೆಯ ಗೆರೆ ಇರೋ ಎರಡು ಗಾಜಿನ ನಳಿಗೆ ತಂದು ಅಡಿಗೆಮನೆ ಕಿಟಕಿಯಲ್ಲಿ ಇಟ್ಟಿದ್ದೆ. ಸೀಮೆಎಣ್ಣೆ ಸಿಗೋದೇ ಈಗ ಒಂದು ಸಾಹಸ, ಆ ಕತೆ ಇನ್ನೊಮ್ಮೆ. ನಮ್ಮ ಹಿತ್ತಲಿನ ಎರಿ ನೀರಿನಲ್ಲಿ ಎರಡು ಪಟ್ಟು ಮೀರಿ ಮೇಲೆ ಬಂದಿತ್ತು. ಅಪ್ಪ ಕನ್ನಡಕ ಏರಿಸಿ ನಳಿಗೆಯನ್ನೇ ನೋಡ್ತಾ ನಿಂತರು. ಏನೂ ಮಾತಾಡಲಿಲ್ಲ.

ಬನಹಟ್ಟಿಯ ಕತೆ ಬೇರೆ. ಅಲ್ಲಿ ನೆಲ ಏಳೋದಲ್ಲ, ಇಳಿಯೋದು. ಅಕ್ಕನ ಮನೆಗೆ ಹೋದಾಗ ಮಗ್ಗದ ಖೋಲಿಯಲ್ಲಿ ಬರಿಗಾಲಲ್ಲಿ ಅಡ್ಡಾಡಿದೆ. ಒಂದು ಮೂಲೆಯಲ್ಲಿ ಹಳೆ ಫರ್ಸಿ ತಗ್ಗಾಗಿತ್ತು, ಕಾಲಿನಿಂದ ತಟ್ಟಿದರೆ ಡೊಗರು ಸದ್ದು. "ಮಾಮಾ, ಇಲ್ಲೇನಿತ್ತು?" ಅಂದೆ.

"ಅಲ್ಲಿ ನಮ್ಮಪ್ಪನ ಕುಣಿ ಇತ್ತಪ್ಪ."

ಕುಣಿಮಗ್ಗ ಗೊತ್ತಲ್ಲ? ನೇಕಾರ ನೆಲದಲ್ಲೇ ತೋಡಿದ ಕುಣಿಯೊಳಗೆ ಕಾಲು ಬಿಟ್ಟು ಕೂತು ಪಾವಟಿಗೆ ತುಳಿದು ನೇಯೋದು. ರಬಕವಿ-ಬನಹಟ್ಟಿಯ ಹಳೆ ಮನೆಗಳಲ್ಲಿ ಇಂಥ ಕುಣಿ ಇದ್ದೇ ಇರುತ್ತಿದ್ದವು. ಪವರ್‌ಲೂಮ್ ಬಂದಾಗ ಕುಣಿ ಮುಚ್ಚಿದರು. ಏನು ಹಾಕಿ ಮುಚ್ಚಿದರು? ಕೈಗೆ ಸಿಕ್ಕಿದ್ದು. ಹೆಂಟೆ, ಒಡೆದ ಹಂಚು, ಬೂದಿ, ಕಸ. ಮೇಲೊಂದು ಫರ್ಸಿ. ಅದರ ಮೇಲೆ ಪವರ್‌ಲೂಮ್ ಹಗಲೂ ರಾತ್ರಿ ಖಟಖಟ ಅಂತ ವರ್ಷಗಟ್ಟಲೆ ಕುಟ್ಟಿದೆ. ಆದರೂ ಕುಣಿ ಪೂರ್ತಿ ಕೂತಿಲ್ಲ, ಕಸ ಕೊಳೆತಂತೆಲ್ಲ ಇಳಿಯುತ್ತಲೇ ಇರುತ್ತೆ. ಅಂಥ ಜಾಗದಲ್ಲಿ 2×4 ಟೈಲ್ಸು ಕೂರಿಸಿದರೆ ಅರ್ಧ ಟೈಲ್ಸು ಗಟ್ಟಿ ನೆಲದ ಮೇಲೆ, ಅರ್ಧ ಗಾಳಿಯ ಮೇಲೆ. ಒಂದು ಗೋದ್ರೆಜ್ ಕಪಾಟು ತಂದಿಟ್ಟ ದಿನವೇ ಲಟಕ್!

ಗೌಂಡಿ ಹೇಳಿದ ಉಪಾಯ ಏನು ಗೊತ್ತಾ? ಫರ್ಸಿ ಕೀಳೋದೇ ಬೇಡ, ಅದರ ಮೇಲೇ ಒಂದಿಂಚು ಗಾರೆ ಹಾಕಿ, ಸಿಮೆಂಟ್ ಗಂಜಿ ಸುರಿದು ಟೈಲ್ಸ್ ಕೂರಿಸ್ತೀನಿ, ಎರಡು ದಿನದ ಕೆಲಸ ಅಂತ. ಅಕ್ಕನಿಗೆ ಇದು ಬಹಳ ರುಚಿಸಿತ್ತು. ಹಳೆ ಫರ್ಸಿ ಗಟ್ಟಿಯಾಗಿ ಕೂತಿದ್ದರೆ, ಎಲ್ಲೂ ಟೊಳ್ಳಿಲ್ಲದಿದ್ದರೆ, ಇದು ತಪ್ಪೇನಲ್ಲ ಅಂತ ನಾನೂ ಒಪ್ತೀನಿ. ಆದರೆ ಆಗ ಸಿಮೆಂಟ್ ಗಂಜಿ ಸಾಕಾಗಲ್ಲ. ವಿಟ್ರಿಫೈಡ್ ತನ್ನ ತೂಕದ ನೂರಕ್ಕೆ ಅರ್ಧದಷ್ಟೂ ನೀರು ಹೀರೋದಿಲ್ಲ, ಬೆನ್ನು ಗಾಜಿನಷ್ಟು ನುಣುಪು, ಗಂಜಿಗೆ ಕಚ್ಚಿಕೊಳ್ಳೋಕೆ ಏನೂ ಇಲ್ಲ. ಅದಕ್ಕೆ ಟೈಲ್ಸ್ ಅಂಟು ಅಂತಲೇ ಚೀಲದಲ್ಲಿ ಸಿಗುತ್ತೆ, ಅದಕ್ಕೆ ಐ.ಎಸ್. 15477 ಅನ್ನೋ ಮಾನಕವೂ ಇದೆ, ಚೀಲದ ಮೇಲೆ ನೋಡಿ ತಗೊಳ್ಳಿ. ಅದನ್ನು ಹಲ್ಲಿನ ಕರಣಿಯಿಂದ ಪೂರ್ತಿ ಹರಡಬೇಕು. ನಮ್ಮವರು ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಉಂಡೆ ಇಟ್ಟು ಟೈಲ್ಸ್ ಒತ್ತುತ್ತಾರೆ. ಉಂಡೆಗಳ ನಡುವೆ ಎಲ್ಲ ಪೊಳ್ಳು. ಕೆಲಸ ಮುಗಿದ ಮೇಲೆ ಒಂದು ಐದು ರೂಪಾಯಿ ನಾಣ್ಯ ತಗೊಂಡು ಪ್ರತಿ ಟೈಲ್ಸನ್ನೂ ತಟ್ಟಿ ನೋಡಿ, ಗೌಂಡಿ ದುಡ್ಡು ಕೇಳುವ ಮೊದಲು. ಸಿಟ್ಟಾಗ್ತಾನೆ. ಆಗಲಿ.

ಅಕ್ಕನ ಖೋಲಿಗೆ ಈ ಮೇಲ್ಮೇಲಿನ ಉಪಾಯ ಆಗಲ್ಲ ಅಂತ ನಾನು ಹಟ ಹಿಡಿದೆ. ಕುಣಿ ಇದ್ದಲ್ಲಿ ಕುಣಿ ತೆಗೆಯಲೇಬೇಕು. ಮಾಮಾ ಒಪ್ಪಲಿಲ್ಲ. "ನಮ್ಮಪ್ಪ ಕುಂತ ಜಾಗ ಅದು, ಹಿಂಗ ಹಾರಿ ಹಾಕಿ ಅಗದ್ರ..." ಅಂತ ಅರ್ಧಕ್ಕೇ ನಿಲ್ಲಿಸಿದ. ಆ ಮಾತಿಗೆ ನನ್ನ ಹತ್ತಿರ ಯಾವ ಐ.ಎಸ್. ನಂಬರೂ ಇರಲಿಲ್ಲ.

ಅಮೆರಿಕದಲ್ಲಿರೋ ನಮ್ಮೂರ ಗೆಳೆಯನಿಗೆ ಇದೆಲ್ಲ ಹೇಳಿದರೆ ಅವನು ತನ್ನ ಮನೆ ಫೋಟೋ ಕಳಿಸಿದ. ಅಲ್ಲಿ ಮರದ ಮನೆ. ಮರದ ತೊಲೆ, ಅದರ ಮೇಲೆ ಪ್ಲೈವುಡ್, ಅದರ ಮೇಲೆ ಸಿಮೆಂಟ್ ಬೋರ್ಡು ಇಲ್ಲವೆ ಗುಳಿಗುಳಿಯ ಪ್ಲಾಸ್ಟಿಕ್ ಹಾಳೆ, ಆಮೇಲೆ ಟೈಲ್ಸು. ಮರ ಹಿಗ್ಗಿ ಕುಗ್ಗಿ ಅಡ್ಡಡ್ಡ ಸರಿದರೆ ಆ ಹಾಳೆ ಅದನ್ನು ಟೈಲ್ಸಿಗೆ ಮುಟ್ಟಿಸದೆ ನುಂಗಿಕೊಳ್ಳುತ್ತಂತೆ. "ನೀನೂ ಇದನ್ನs ಹಾಕ್ಸು" ಅಂದ. ಚೆನ್ನಾಗೇ ಇದೆ, ಅವರ ಮನೆಗೆ. ಆದರೆ ಅಡ್ಡ ಸರಿಯೋದು ಬೇರೆ, ಕೆಳಗಿಂದ ಹತ್ತು ಟನ್ ಮೇಲೆ ನೂಕೋದು ಬೇರೆ. ಎರಿ ನೆಲಕ್ಕೆ ಆ ಹಾಳೆ ಹಾಕೋದು ಜ್ವರ ಬಂದವನಿಗೆ ಹೊಸ ಅಂಗಿ ತೊಡಿಸಿದ ಹಾಗೆ.

ಮುಧೋಳದಲ್ಲಿ ನಮ್ಮ ಕಾಕಾನ ಮನೆ ಇದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಊರೊಳಗೆ ಬಂದಾಗ ಅವರ ಮನೆಯಲ್ಲಿ ಎದೆಮಟ್ಟ ನೀರು. ನೀರಿಳಿದ ಮೇಲೆ ನಾವೆಲ್ಲ ಹೋಗಿ ಕೆಸರು ಬಳಿದೆವು. ಆಶ್ಚರ್ಯ ಅಂದರೆ ಟೈಲ್ಸ್ ಹಾಗೇ ಇದ್ದವು, ತೊಳೆದರೆ ಫಳಫಳ. ಕಾಕು ಸಮಾಧಾನ ಪಟ್ಟುಕೊಂಡಳು, ಹೋದದ್ದೆಲ್ಲ ಹೋದರೂ ನೆಲ ಉಳಿಯಿತಲ್ಲ ಅಂತ. ಮುಂದಿನ ಬೇಸಿಗೆಗೆ ಕೆಳಗಿನ ಮಣ್ಣು ಒಣಗಿ ಕುಗ್ಗಿದಾಗ ಒಂದೊಂದೇ ಟೈಲ್ಸ್ ಟೊಳ್ಳಾಗಿ ಬಿರಿಯತೊಡಗಿದವು. ಪ್ರವಾಹದ ಹಾನಿ ಬರೆದುಕೊಳ್ಳುವವರು ಬಂದುಹೋಗಿ ಆಗಲೇ ಎಷ್ಟೋ ತಿಂಗಳಾಗಿತ್ತು. ಎರಿ ನೆಲದಲ್ಲಿ ನೀರಿನ ಲೆಕ್ಕ ನೀರಿಳಿದ ದಿನ ಮುಗಿಯೋದಿಲ್ಲ, ಹಾನಿ ಬರೆದುಕೊಳ್ಳುವವರು ಒಂದು ಬೇಸಿಗೆ ಕಳೆದ ಮೇಲೆ ಇನ್ನೊಮ್ಮೆ ಬರಬೇಕು ಅನ್ನೋದು ನನ್ನ ಅಭಿಪ್ರಾಯ. ಕೇಳೋರು ಯಾರು ಬಿಡಿ.

ಬೀಳಗಿ ಕಡೆಯವರ ಪ್ರಶ್ನೆ ಇನ್ನೂ ವಿಚಿತ್ರ. ಅವ್ವನ ತವರು ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ಹಿನ್ನೀರಿನ ಹತ್ತಿರದ ಹಳ್ಳಿ. ಆಲಮಟ್ಟಿಯ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸಬಹುದು ಅಂತ ಎರಡನೇ ಕೃಷ್ಣಾ ನ್ಯಾಯಮಂಡಳಿ ಹೇಳಿದ್ದು 2010ರಲ್ಲಿ. ಇನ್ನೂ ಏರಿಲ್ಲ. ಆ ನಡುವಿನ ನಾಲ್ಕೂವರೆ ಮೀಟರಿನಲ್ಲಿ ನಮ್ಮ ಸೋದರಮಾವನ ಮನೆ ಇದೆ. ಅಡಿಗೆಮನೆ ನೆಲ ಕಿತ್ತುಹೋಗಿದೆ. ಮಾಡಿಸಿ ಅಂದರೆ "ಮುಳಗೂ ಮನಿಗೆ ಎಂಥಾ ಗರಸೋ?" ಅಂತಾನೆ. ಇಲ್ಲಿ ನನ್ನ ಉಪದೇಶ ನಿಂತುಹೋಗುತ್ತೆ. ಅತ್ತಿ ಅಲ್ಲೇ ಕಾಂಕ್ರೀಟು ಒಡೆದ ನೆಲದ ಮೇಲೆ ಚಾಪೆ ಹಾಸಿ ಹದಿನೈದು ವರ್ಷದಿಂದ ರೊಟ್ಟಿ ಬಡಿತಿದಾಳೆ. ಎತ್ತಿ ಬೇರೆ ಕಡೆ ಕೂರಿಸಬಹುದಾದ ಫರ್ಸಿ ಹಾಕ್ಸು ಮಾವ, ಮುಳುಗಿದರೆ ಕಿತ್ತುಕೊಂಡು ಹೋಗಬಹುದು ಅಂದೆ. ನಕ್ಕ. ಆದರೆ ನಾನು ತಮಾಷೆಗೆ ಹೇಳಿದ್ದಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಹೀಗಾಗುತ್ತೆ? ನನಗೆ ಕಂಡ ಕಾರಣ ಒಂದೇ. ಟೈಲ್ಸ್ ಕೂರಿಸೋದಕ್ಕೆ ಚದರ ಅಡಿ ಲೆಕ್ಕದಲ್ಲಿ ಕೂಲಿ. ಎಷ್ಟು ಬೇಗ ಕೂರಿಸಿದರೆ ಅಷ್ಟು ದುಡ್ಡು. ದಿಮ್ಮಸು ಹೊಡೆಯೋದಕ್ಕೆ ಮಾತ್ರ ಯಾವ ಎಸ್ಟಿಮೇಟಿನಲ್ಲೂ ಬೇರೆ ಸಾಲು ಇರೋದಿಲ್ಲ, "ಭರಾವು" ಅಂತ ಒಂದು ಗುತ್ತಿಗೆ ಮೊತ್ತ, ಅಷ್ಟೇ. ದುಡ್ಡಿಲ್ಲದ ಕೆಲಸ ಯಾರು ಮಾಡ್ತಾರೆ? ಗೌಂಡಿಯನ್ನು ಬೈದು ಉಪಯೋಗವಿಲ್ಲ. ಭರಾವಿಗೆ ಬೇರೆ ಕೂಲಿ ಮಾತಾಡಿ, ದಿನಗೂಲಿ ಲೆಕ್ಕದಲ್ಲಿ, ಆ ಎರಡು ಮೂರು ದಿನ ಮನೆಯವರು ಒಬ್ಬರು ನಿಂತು ನೋಡಿ. ಟೈಲ್ಸಿನಲ್ಲಿ ಚದರ ಅಡಿಗೆ ಹತ್ತು ಹದಿನೈದು ರೂಪಾಯಿ ಕಡಿಮೆಯದು ಆರಿಸಿದರೆ ಆ ಕೂಲಿ ಅಲ್ಲೇ ಹುಟ್ಟುತ್ತೆ. ಸಂದು ಎರಡು-ಮೂರು ಮಿಲಿಮೀಟರ್ ಬಿಡಿಸಿ, ಸಂದಿಲ್ಲದ್ದೇ ಚಂದ ಅಂತ ಅಂಗಡಿಯವ ಹೇಳಿದರೂ. ಗೋಡೆಗೂ ನೆಲಕ್ಕೂ ನಡುವೆ ಸುತ್ತ ಒಂದು ಬೆರಳು ಜಾಗ ಬಿಡಿಸಿ, ಪಟ್ಟಿ ಹಾಕಿದರೆ ಅದು ಕಾಣೋದೇ ಇಲ್ಲ. ಹೊರಗೆ ಮನೆ ಸುತ್ತ ಮೂರಡಿ ಫರ್ಸಿ ಹಾಸಿ ಹೊರಮುಖ ಇಳಿಜಾರು ಕೊಡಿ, ಬಚ್ಚಲ ನೀರು ದೂರ ಹೋಗಲಿ. ಇದು ನೆಲದ ಕೆಲಸ ಅಲ್ಲ ಅನಿಸುತ್ತೆ, ನಮ್ಮ ಮನೆಗೆ ಆಗ ಇದಷ್ಟೇ ಮಾಡಿದ್ದರೂ ಅರ್ಧ ತೊಂದರೆ ತಪ್ಪುತ್ತಿತ್ತು.

ಜಮಖಂಡಿ ಮನೆಯ ಪಡಸಾಲೆ 2017ರಲ್ಲಿ ಕಿತ್ತು ಮತ್ತೆ ಮಾಡಿಸಿದೆವು. ಎರಡೂವರೆ ಅಡಿ ಗರಸು. ಅವ್ವ ಈ ಸಲ ಟೈಲ್ಸ್ ಬೇಡ ಅಂದಳು, ಫರ್ಸಿ ಪಾಲಿಶ್ ಮಾಡಿಸಿ ಹಾಕಿದ್ದೇವೆ. ಇವತ್ತಿನವರೆಗೆ ಗೋಲಿ ಇಟ್ಟಲ್ಲೇ ಇರುತ್ತೆ. ಉಳಿದ ಖೋಲಿಗಳಲ್ಲಿ ಹಳೆ ಕೆನೆ ಬಣ್ಣದ್ದೇ ಇದೆ, ಗುಮ್ಮಟಗಳ ಸಮೇತ. ದುಡ್ಡು ಅಷ್ಟಕ್ಕೇ ಮುಗೀತು.

ಅಕ್ಕನ ಫೋನು ನಿನ್ನೆ ಬಂತು. ಮಾಮಾ ಕೊನೆಗೆ ಒಪ್ಪಿದನಂತೆ, ಆದರೆ ಆಳು ಹಚ್ಚಲಿಲ್ಲ, ಕುಣಿ ತಾನೇ ಬಗೆದನಂತೆ, ಒಬ್ಬನೇ, ಎರಡು ದಿನ. ಒಳಗೆ ಹಂಚು, ಬೂದಿ, ಒಂದು ಮುರಿದ ಲಾಳಿ. ಲಾಳಿ ತೊಳೆದು ದೇವರ ಮಾಡಿನಲ್ಲಿ ಇಟ್ಟಿದ್ದಾನೆ. ಈಗ ಖೋಲಿ ಪೂರ್ತಿ ಎರಡಡಿ ತೋಡೋದು ಅಂತಾಗಿದೆ, ಗೋಡೆಯ ಪಾಯಕ್ಕಿಂತ ಕೆಳಗೆ ಮಾತ್ರ ಎಲ್ಲೂ ಹೋಗಬೇಡಿ ಅಂತ ಹೇಳಿದ್ದೀನಿ. 12×20ರ ಖೋಲಿ, ಎರಡಡಿ ಅಂದರೆ 480 ಘನ ಅಡಿ. ದಿಮ್ಮಸು ಹೊಡೆದರೆ ಕುಗ್ಗುತ್ತೆ, ಆರು ಬ್ರಾಸ್ ಗರಸು ಬೇಕು ಅನ್ನೋದು ನನ್ನ ಲೆಕ್ಕ. ಗೌಂಡಿ ನಾಲ್ಕೇ ಸಾಕು ಅಂತಿದ್ದಾನೆ. ಶನಿವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದೀನಿ, ಹೋಗಿ ನಿಂತು ನೋಡ್ತೀನಿ. ನಿಮ್ಮ ಕಡೆ ಎರಿ ನೆಲದಲ್ಲಿ ಏನು ಹಾಕಿಸಿದಿರಿ, ಹೇಗೆ ತಡೆದಿದೆ, ಗೊತ್ತಿದ್ದರೆ ಶುಕ್ರವಾರದೊಳಗೆ ಕೆಳಗೆ ಕಾಮೆಂಟಿನಲ್ಲಿ ಬರೀರಿ, ಉಪಕಾರವಾಗುತ್ತೆ. 2×2ಓ 2×4ಓ ಅನ್ನೋದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.